ಲೇತ್ ಯಂತ್ರಕ್ಕೆ ನಿಷ್ಠೆಯನ್ನು ಕಲಿಸಿದ ಹೆನ್ರಿ ಮಾಡ್‌ಸ್ಲೆ

ಮುಂಬಯಿಯ ಉಪನಗರವೊಂದರಲ್ಲಿ ನೆಲೆಸಿರುವ ನಮ್ಮ ಮಿತ್ರರೊಬ್ಬರು ಮೂವತ್ತು ವರುಷಗಳಿಗೂ ಮಿಕ್ಕು ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿದವರು. ನಿವೃತ್ತರಾದ ಮೇಲೂ ಅವರ ಕೈ ಸುಮ್ಮನಿರಲೊಲ್ಲದು. ಮನೆಯ ಹಿಂಬದಿಯ ಸಣ್ಣ ಕೊಠಡಿಯಲ್ಲಿ ಚಿಕ್ಕದೊಂದು ಲೇತನ್ನು ಹೂಡಬೇಕು, ಮೊಮ್ಮಗನಿಗೆ ಕಬ್ಬಿಣದ ಕೆಲಸದ ರುಚಿ ಹತ್ತಿಸಬೇಕು ಎಂಬುದು ಅವರ ಬಯಕೆ. ಭವಿಷ್ಯನಿಧಿಯ ಹಣದಲ್ಲಿ ಒಂದು ಪಾಲನ್ನು ಇದಕ್ಕೆಂದು ತೆಗೆದಿರಿಸಿದ್ದಾರೆ. ಅವರ ಮುಂದೆ ಈಗ ಎರಡು ದಾರಿಗಳಿವೆ. ಒಂದು, ಅಂಗಡಿಯಲ್ಲಿ ಹೊಸ ಬಣ್ಣದಿಂದ ಥಳಥಳಿಸುವ ಹಗುರವಾದ ಲೇತು. ಇನ್ನೊಂದು, ಬಾಗಿಲು ಮುಚ್ಚುತ್ತಿರುವ ಒಂದು ವರ್ಕ್‌ಶಾಪಿನ ಮೂಲೆಯಲ್ಲಿ ಎಣ್ಣೆಜಿಡ್ಡು ಹಿಡಿದು ನಿಂತಿರುವ ಹಳೆಯ, ಭಾರವಾದ ಲೇತು. ಬೆಲೆಯಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿಲ್ಲ. ಒಮ್ಮೆ ತಪ್ಪಿದರೆ ಮತ್ತೊಮ್ಮೆ ಕೊಳ್ಳುವ ಅನುಕೂಲವೂ ಅವರಿಗಿಲ್ಲ.

ಯಾವುದನ್ನು ಕೊಳ್ಳಲಿ ಎಂದು ಅವರು ನಮ್ಮನ್ನು ಕೇಳಿದರು. ನಾವು ಲೇಖನಿಯನ್ನು ಹಿಡಿದವರೇ ಹೊರತು ಉಳಿಯನ್ನು ಹಿಡಿದವರಲ್ಲ. ಆದುದರಿಂದ ನೇರವಾದ ಉತ್ತರವನ್ನು ಕೊಡುವ ಬದಲು, ಲೇತ್ ಎಂದರೇನು, ಅದರ ಯೋಗ್ಯತೆಯಿರುವುದು ಯಾವುದರಲ್ಲಿ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟ ಪುರುಷನೊಬ್ಬನ ಜೀವನವನ್ನು ಅವರಿಗೆ ಹೇಳಿದೆವು. ಆತನ ಹೆಸರು ಹೆನ್ರಿ ಮಾಡ್‌ಸ್ಲೆ. ಮುಂಬಯಿ, ಪುಣೆ, ಹೈದರಾಬಾದು, ಮದರಾಸುಗಳ ಕಾರ್ಖಾನೆಗಳಲ್ಲಿ ಬೆವರು ಸುರಿಸಿ ಸಂಸಾರವನ್ನು ನಡೆಸಿದ ಕನ್ನಡಿಗರು ನಮ್ಮ ವಾಚಕರಲ್ಲಿ ಬಹುಮಂದಿ ಇದ್ದಾರೆ. ಅವರೆಲ್ಲರಿಗೂ ಈ ಕಥೆ ಹಿಡಿಸೀತೆಂಬ ನಂಬಿಕೆಯಿಂದ ಇಲ್ಲಿ ಅದನ್ನು ವಿಸ್ತರಿಸುತ್ತಿದ್ದೇವೆ.

ಮದ್ದಿನ ಮನೆಯ ಹುಡುಗ

ಮಾಡ್‌ಸ್ಲೆಯು ಹುಟ್ಟಿದ್ದು 1771ನೆಯ ಇಸವಿಯ ಆಗಸ್ಟ್ 22ರಂದು, ಲಂಡನ್ನಿನ ಪೂರ್ವಕ್ಕೆ ಥೇಮ್ಸ್ ನದಿಯ ದಂಡೆಯ ವುಲಿಚ್ ಎಂಬಲ್ಲಿ. ತಂದೆಯ ಹೆಸರೂ ಹೆನ್ರಿಯೇ. ಗಾಲಿಗಳನ್ನು ಮಾಡುವ ಬಡಗಿಯಾಗಿ ಸೈನ್ಯದಲ್ಲಿ ದುಡಿಯುತ್ತಿದ್ದು, ಗಾಯಗೊಂಡ ಬಳಿಕ ವುಲಿಚ್ಚಿನ ಸರಕಾರಿ ಶಸ್ತ್ರಾಗಾರದಲ್ಲಿ ಉಗ್ರಾಣದ ಕೆಲಸಕ್ಕೆ ನಿಂತವನು. ಮಕ್ಕಳು ಏಳು ಮಂದಿ, ಅವರಲ್ಲಿ ನಮ್ಮ ಕಥಾನಾಯಕನು ಐದನೆಯವನು. ಅಂತಹ ಮನೆಯಲ್ಲಿ ಹುಡುಗನ ಓದು ಎಷ್ಟರಮಟ್ಟಿಗೆ ಸಾಗೀತು? ಹನ್ನೆರಡನೆಯ ವಯಸ್ಸಿಗೇ ಆತನು ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದನ್ನು ತುಂಬುವ ಕೆಲಸಕ್ಕೆ ಸೇರಿದನು. ಎರಡು ವರುಷಗಳ ತರುವಾಯ ಅವನನ್ನು ಬಡಗಿಗಳ ಶಾಲೆಗೆ ಕಳುಹಿಸಿದರು. ಆದರೆ ಹುಡುಗನ ಕಣ್ಣು ಮರದ ಮೇಲಿರಲಿಲ್ಲ, ಪಕ್ಕದ ಕುಲುಮೆಯಲ್ಲಿ ಕೆಂಪಗೆ ಕಾದು ಬಡಿಸಿಕೊಳ್ಳುತ್ತಿದ್ದ ಕಬ್ಬಿಣದ ಮೇಲಿತ್ತು. ಹದಿನೈದನೆಯ ವಯಸ್ಸಿಗೆ ಅವನ ಆಸೆ ಕೈಗೂಡಿ, ಕಮ್ಮಾರಸಾಲೆಯ ಬಾಗಿಲು ತೆರೆಯಿತು.

ಅಲ್ಲಿಂದ ಮುಂದೆ ಅವನು ಹಿಂತಿರುಗಿ ನೋಡಲಿಲ್ಲ. ಕಾದ ಕಬ್ಬಿಣವನ್ನು ಬಗ್ಗಿಸುವುದರಲ್ಲಿ, ತಣಿದ ಕಬ್ಬಿಣವನ್ನು ಅರದಿಂದ ಉಜ್ಜಿ ಮಟ್ಟಮಾಡುವುದರಲ್ಲಿ ಅವನಿಗೆ ಸರಿಸಾಟಿಯಾದವರು ಆ ಸಾಲೆಯಲ್ಲಿ ಇಲ್ಲವೆನಿಸಿತು. ಅರವೆಂಬುದು ನೋಡುವುದಕ್ಕೆ ಬಲು ಸಾದಾ ಉಪಕರಣ. ಆದರೆ ಅದನ್ನು ಎರಡು ಕೈಗಳಲ್ಲಿ ಹಿಡಿದು, ಒಂದಿಷ್ಟೂ ತೂಗಾಡಿಸದೆ ನೇರವಾಗಿ ನೂಕುವುದು ಎಷ್ಟು ಕಷ್ಟವೆಂಬುದನ್ನು ಫಿಟ್ಟರ್ ಕೆಲಸವನ್ನು ಮಾಡಿದವರೇ ಬಲ್ಲರು. ಮುಪ್ಪಿನಲ್ಲಿ ದೊಡ್ಡ ಕಾರ್ಖಾನೆಯ ಒಡೆಯನಾಗಿದ್ದಾಗಲೂ ಮಾಡ್‌ಸ್ಲೆಯು ಅರವನ್ನು ಕೈಗೆತ್ತಿಕೊಂಡರೆ ಕೆಲಸಗಾರರು ತಮ್ಮ ಕೆಲಸವನ್ನು ಬಿಟ್ಟು ನೋಡುತ್ತಿದ್ದರಂತೆ.

ಬೀಗದ ಒಡೆಯನ ಬಳಿ

ಆ ಕಾಲದಲ್ಲಿ ಲಂಡನ್ನಿನಲ್ಲಿ ಜೋಸೆಫ್ ಬ್ರಾಮಾ ಎಂಬ ಯಂತ್ರಶಿಲ್ಪಿಯಿದ್ದನು. ಕಳ್ಳನು ತೆರೆಯಲಾರದಂತಹ ಒಂದು ಬೀಗವನ್ನು ಆತನು ಕಲ್ಪಿಸಿದ್ದನು. ಕಲ್ಪನೆಯೇನೋ ಸಿದ್ಧವಾಗಿತ್ತು, ಅದನ್ನು ಲೋಹದಲ್ಲಿ ಮೂಡಿಸಬಲ್ಲ ಕೈಗಳು ಸಿಕ್ಕಿರಲಿಲ್ಲ. ಬೀಗದೊಳಗಿನ ತುಂಡುಗಳು ಕೂದಲೆಳೆಯಷ್ಟು ಹೆಚ್ಚುಕಡಮೆಯಾದರೂ ಬೀಗವು ಕೆಲಸಕ್ಕೆ ಬಾರದು. ವುಲಿಚ್ಚಿನಲ್ಲಿ ಜಾಣ ಹುಡುಗನೊಬ್ಬನಿದ್ದಾನೆಂದು ಕೇಳಿ ಬ್ರಾಮಾ ಅವನನ್ನು ಕರೆಯಿಸಿಕೊಂಡನು. ಬಂದವನು ಹದಿನೆಂಟರ ತರುಣ. ಇಷ್ಟು ಎಳೆಯನಿಗೆ ಹಿರಿಯ ಕೆಲಸಗಾರರ ನಡುವೆ ಜಾಗ ಕೊಡುವುದು ಹೇಗೆಂದು ಬ್ರಾಮಾ ಹಿಂದೆಮುಂದೆ ನೋಡಿದನು. ಆಗ ಕಾರ್ಖಾನೆಯಲ್ಲಿ ಸವೆದು ಬಿದ್ದಿದ್ದ ಒಂದು ಹಿಡಿಕೆಯ ಯಂತ್ರವನ್ನು, ನಾವು ವೈಸ್ ಎಂದು ಕರೆಯುವುದನ್ನು, ಸಂಜೆಯೊಳಗೆ ರಿಪೇರಿ ಮಾಡಿ ತೋರಿಸುವೆನೆಂದು ಮಾಡ್‌ಸ್ಲೆ ಮುಂದಾದನು. ಮಾಡಿಯೂ ತೋರಿಸಿದನು. ಮರುದಿನದಿಂದ ಅವನಿಗೆ ಅಲ್ಲಿ ಕೆಲಸವಾಯಿತು ಎಂದು ಆತನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

ಬ್ರಾಮಾನ ಅಂಗಡಿಯ ಕಿಟಕಿಯಲ್ಲಿ 1790ರಿಂದ ಒಂದು ಬೀಗವನ್ನು ತೂಗುಹಾಕಿದ್ದರು. ಅದನ್ನು ಕೀಲಿಕೈಯಿಲ್ಲದೆ ತೆರೆದವರಿಗೆ 200 ಗಿನಿಗಳ ಬಹುಮಾನ. ಅದು ತೆರೆದದ್ದು 1851ರಲ್ಲಿ, ಹಾಬ್ಸ್ ಎಂಬ ಅಮೆರಿಕದ ಬೀಗತಜ್ಞನ ಕೈಯಲ್ಲಿ. ಅದೂ ಒಂದೆರಡು ಗಳಿಗೆಯಲ್ಲಿ ಆದದ್ದಲ್ಲ, ಹದಿನಾರು ದಿನಗಳಲ್ಲಿ ಹರಡಿದ್ದ ಐವತ್ತೊಂದು ಗಂಟೆಗಳ ದುಡಿಮೆಯಿಂದ. ಅಷ್ಟು ಹೊತ್ತಿಗೆ ಬ್ರಾಮಾನೂ ಇರಲಿಲ್ಲ, ಮಾಡ್‌ಸ್ಲೆಯೂ ಇರಲಿಲ್ಲ. ಈ ಬೀಗಗಳ ಬಿಡಿಭಾಗಗಳನ್ನು ಒಂದೇ ಅಳತೆಯಲ್ಲಿ, ಅಗ್ಗವಾಗಿ ತಯಾರಿಸುವುದಕ್ಕಾಗಿ ಬೇಕಾದ ಯಂತ್ರಗಳನ್ನು ಕಟ್ಟಿದವನು ಮಾಡ್‌ಸ್ಲೆಯೇ.

ಹತ್ತೊಂಬತ್ತರ ಹರೆಯದಲ್ಲಿಯೇ ಆತನು ಆ ಕಾರ್ಖಾನೆಯ ಮುಖ್ಯ ಮೇಸ್ತ್ರಿಯಾದನು. 1791ರಲ್ಲಿ ಬ್ರಾಮಾನ ಮನೆಯಲ್ಲಿ ಕೆಲಸಕ್ಕಿದ್ದ ಸಾರಾ ಟಿಂಡೆಲ್ ಎಂಬ ಕನ್ಯೆಯನ್ನು ಮದುವೆಯಾದನು. ಸಂಸಾರ ಬೆಳೆಯಿತು, ಮಕ್ಕಳಾದರು. ಆದರೆ ವಾರಕ್ಕೆ 30 ಷಿಲಿಂಗುಗಳ ಸಂಬಳ ಮಾತ್ರ ಇದ್ದಲ್ಲೇ ಇತ್ತು. 1797ರಲ್ಲಿ ಆತನು ಸಂಬಳವನ್ನು ಹೆಚ್ಚಿಸುವಂತೆ ಒಡೆಯನನ್ನು ಕೇಳಿಕೊಂಡನು. ಬ್ರಾಮಾ ಒಪ್ಪಲಿಲ್ಲ. ಎಂಟು ವರುಷ ತನ್ನ ಕಲ್ಪನೆಗಳಿಗೆ ರೂಪ ಕೊಟ್ಟ ಕೈಗಳ ಬೆಲೆಯನ್ನು ಆ ಬುದ್ಧಿವಂತನು ಅರಿಯಲಿಲ್ಲ. ಮಾಡ್‌ಸ್ಲೆಯು ವಾದಿಸಲೂ ಇಲ್ಲ, ಎರಡನೆಯ ಬಾರಿ ಬೇಡಲೂ ಇಲ್ಲ. ಕೆಲಸವನ್ನು ಬಿಟ್ಟು, ಆಕ್ಸ್‌ಫರ್ಡ್ ಬೀದಿಯ ಸಮೀಪದ ವೆಲ್ಸ್ ಬೀದಿಯಲ್ಲಿ ಒಂದು ಸಣ್ಣ ಕಮ್ಮಾರಸಾಲೆಯನ್ನು ಹಿಡಿದನು. ಕೈಯಲ್ಲಿ ಕಾಸಿಲ್ಲ, ಮನೆಯಲ್ಲಿ ಚಿಕ್ಕ ಮಕ್ಕಳು. ಆತನಿಗೆ ಸಿಕ್ಕಿದ ಮೊದಲ ಕೆಲಸವು ಚಿತ್ರಕಾರನೊಬ್ಬನಿಗೆ ಬೇಕಾದ ಕಬ್ಬಿಣದ ದೊಡ್ಡ ಚೌಕಟ್ಟೆಂದು ಹೇಳುತ್ತಾರೆ. ಊರು ಬಿಟ್ಟು ಬಂದು, ಇದ್ದ ನೌಕರಿಯನ್ನೂ ತೊರೆದು, ಸ್ವಂತ ಕಾಲಿನ ಮೇಲೆ ನಿಲ್ಲಬೇಕೆಂದು ಒಂದು ಗಾಳೆಯನ್ನು ಬಾಡಿಗೆಗೆ ಹಿಡಿದ ನಮ್ಮವರಿಗೆ ಆ ಮೊದಲನೆಯ ದಿನಗಳ ಅಳುಕನ್ನು ನಾವು ಬಣ್ಣಿಸಬೇಕಾಗಿಲ್ಲ.

ತಿರುಪಿನ ಕಥೆ

ಇನ್ನು ಲೇತಿನ ವಿಷಯ. ಲೇತ್ ಎಂಬುದು ಮಾಡ್‌ಸ್ಲೆಯ ಕಾಲಕ್ಕೆ ಹೊಸದಾಗಿರಲಿಲ್ಲ. ತಿರುಗುವ ಮರಕ್ಕೆ ಉಳಿಯನ್ನು ಒಡ್ಡಿ ಗುಂಡಗೆ ಕಡೆಯುವ ವಿದ್ಯೆಯು ಸಾವಿರಾರು ವರುಷಗಳಷ್ಟು ಹಳೆಯದು. ನಮ್ಮ ಚನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ಕಡೆದು, ಅರಗಿನ ಬಣ್ಣವನ್ನು ಹಚ್ಚಿ ಬೊಂಬೆಗಳನ್ನು ಮಾಡುವುದನ್ನು ನೋಡಿದವರಿಗೆ ಅದರ ಮರ್ಮವು ಗೊತ್ತು. ಅಲ್ಲಿ ಉಳಿಯು ಕುಶಲಿಯ ಕೈಯಲ್ಲಿರುತ್ತದೆ. ಕೈ ಎಷ್ಟು ಸ್ಥಿರವೋ ಕೆಲಸವೂ ಅಷ್ಟು ನಯ. ಮರಕ್ಕೆ ಇದು ಸಾಕು. ಕಬ್ಬಿಣಕ್ಕೆ ಸಾಲದು. ಕಬ್ಬಿಣವು ಉಳಿಯನ್ನು ಹಿಂದಕ್ಕೆ ತಳ್ಳುತ್ತದೆ, ಕೈ ನಡುಗುತ್ತದೆ, ಒಂದು ಕಡೆ ಹೆಚ್ಚು ಒಂದು ಕಡೆ ಕಡಮೆ ಕತ್ತರಿಸುತ್ತದೆ. ಉದ್ದನೆಯ ಒಂದು ಕಬ್ಬಿಣದ ಸರಳನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪಕ್ಕೆ ಕಡೆಯುವುದು ಮನುಷ್ಯನ ಕೈಗೆ ಮೀರಿದ ಕೆಲಸ.

ಅದಕ್ಕಿಂತಲೂ ಕಠಿಣವಾದುದು ತಿರುಪು. ಅಂದಿನ ದಿನಗಳಲ್ಲಿ ಬೋಲ್ಟು ನಟ್ಟುಗಳನ್ನು ಒಬ್ಬೊಬ್ಬ ಕಮ್ಮಾರನು ತನ್ನ ಕಣ್ಣಳತೆಯಿಂದಲೇ ಮಾಡುತ್ತಿದ್ದನು. ಒಂದು ಬೋಲ್ಟಿಗೆ ಅದರ ಜೊತೆಗೇ ಮಾಡಿದ ನಟ್ಟು ಬಿಟ್ಟರೆ ಇನ್ನೊಂದು ಕೂರುತ್ತಿರಲಿಲ್ಲ. ಯಂತ್ರವನ್ನು ಬಿಚ್ಚುವಾಗ ಯಾವುದಕ್ಕೆ ಯಾವುದೆಂದು ಗುರುತು ಹಾಕಿಕೊಳ್ಳದಿದ್ದರೆ ಮತ್ತೆ ಜೋಡಿಸುವುದು ದೇವರಿಗೇ ಪ್ರೀತಿ. ಒಂದು ನಟ್ಟು ಕಳೆದರೆ ಅಷ್ಟಕ್ಕೇ ಯಂತ್ರ ನಿಲ್ಲಬೇಕು.

1797ರ ಸುಮಾರಿಗೆ ತನ್ನ ಪುಟ್ಟ ಸಾಲೆಯಲ್ಲಿ ಮಾಡ್‌ಸ್ಲೆಯು ಈ ಕಷ್ಟಕ್ಕೆ ಪರಿಹಾರವನ್ನು ಕಂಡನು. ಆತನು ಕಟ್ಟಿದ ಲೇತು ಮೇಜಿನ ಮೇಲೆ ಇಡಬಹುದಾದಷ್ಟು ಚಿಕ್ಕದು. ಆದರೆ ಅದರಲ್ಲಿ ಮೂರು ಸಂಗತಿಗಳು ಒಂದುಗೂಡಿದ್ದುವು. ಮೊದಲನೆಯದು, ಮರದ ಹಾಸನ್ನು ಬಿಟ್ಟು ಪೂರ್ತಿ ಲೋಹದಿಂದ ಮಾಡಿದ, ಬಾಗದ ನೇರವಾದ ಹಾಸು. ಎರಡನೆಯದು, ಆ ಹಾಸಿನ ಮೇಲೆ ಅತ್ತಿತ್ತ ಅಲುಗದೆ ಜಾರುವ ಗಾಡಿ. ಉಳಿಯು ಕೈಯಲ್ಲಿರದೆ ಈ ಗಾಡಿಯ ಹಿಡಿತದಲ್ಲಿರುತ್ತದೆ. ಇದೇ ಇಂದಿಗೂ ಸ್ಲೈಡ್ ರೆಸ್ಟ್ ಎಂದು ಕರೆಯಿಸಿಕೊಳ್ಳುವುದು. ಮೂರನೆಯದು, ಹಾಸಿನ ಉದ್ದಕ್ಕೂ ಮಲಗಿರುವ ಒಂದು ನಿಷ್ಕೃಷ್ಟವಾದ ತಿರುಪಿನ ದಂಡ, ಅಂದರೆ ಲೀಡ್ ಸ್ಕ್ರೂ. ಕಡೆಯುವ ಸರಳು ತಿರುಗಿದಂತೆಲ್ಲ ಹಲ್ಲುಚಕ್ರಗಳ ಮೂಲಕ ಈ ದಂಡವೂ ತಿರುಗುತ್ತದೆ. ದಂಡವು ತಿರುಗಿದಂತೆ ಗಾಡಿಯು ಲೆಕ್ಕಕ್ಕೆ ಸರಿಯಾಗಿ ಮುಂದೆ ಸಾಗುತ್ತದೆ. ಉಳಿಯು ಸರಳಿನ ಮೇಲೆ ದಂಡದ ತಿರುಪಿನ ನಡೆಯನ್ನೇ ಕೊರೆಯುತ್ತದೆ. ಮೊದಲ ಯಂತ್ರದಲ್ಲಿ ಬೇರೆಬೇರೆ ತಿರುಪಿಗೆ ಬೇರೆಬೇರೆ ದಂಡವನ್ನು ಹಾಕಬೇಕಾಗುತ್ತಿತ್ತು. ಕೆಲವೇ ವರುಷಗಳಲ್ಲಿ, 1800ರ ಹೊತ್ತಿಗೆ, ಹಲ್ಲುಚಕ್ರಗಳನ್ನು ಬದಲಾಯಿಸುವುದರಿಂದಲೇ ಒಂದು ದಂಡದಿಂದ ಹಲವು ತಿರುಪುಗಳನ್ನು ಕೊರೆಯುವ ಏರ್ಪಾಡನ್ನು ಆತನು ಮಾಡಿದನು. ಆ ಮೊದಲಿನ ಲೇತು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಉಳಿಯನ್ನು ಹಿಡಿಯುವ ಗಾಡಿಯನ್ನಾಗಲಿ, ತಿರುಪನ್ನು ಕೊರೆಯುವ ಯಂತ್ರವನ್ನಾಗಲಿ ಮೊತ್ತಮೊದಲು ಯೋಚಿಸಿದವನು ಮಾಡ್‌ಸ್ಲೆಯೇ ಅಲ್ಲ. ಫ್ರಾನ್ಸಿನಲ್ಲಿ ಸೆನೋ ಎಂಬವನು 1795ರಲ್ಲಿ ಇಂತಹ ಲೇತೊಂದನ್ನು ಕಟ್ಟಿದ್ದನು. ಅಮೆರಿಕದಲ್ಲಿ ಡೇವಿಡ್ ವಿಲ್ಕಿನ್‌ಸನ್ 1798ರಲ್ಲಿ ತನ್ನದೊಂದಕ್ಕೆ ಹಕ್ಕುಪತ್ರವನ್ನು ಪಡೆದನು. ಹಾಗಿದ್ದರೂ ಲೋಕವು ಮಾಡ್‌ಸ್ಲೆಯನ್ನೇ ನೆನೆಯುವುದಕ್ಕೆ ಕಾರಣವಿದೆ. ಆತನು ಈ ಎಲ್ಲವನ್ನೂ ಒಂದೇ ಯಂತ್ರದಲ್ಲಿ ಕಲೆಹಾಕಿ, ಅದನ್ನು ಆಟದ ವಸ್ತುವಾಗಿ ಬಿಡದೆ, ದಿನನಿತ್ಯದ ಕೆಲಸಕ್ಕೆ ಹೂಡಿ, ಅದರಿಂದ ಇನ್ನೂ ಮೇಲಾದ ಯಂತ್ರಗಳನ್ನು ಹುಟ್ಟಿಸಿದನು.

ಓದುಗರಲ್ಲಿ ಚುರುಕಾದವರಿಗೆ ಇಲ್ಲೊಂದು ಸಂದೇಹ ಬಂದಿರಬೇಕು. ಒಳ್ಳೆಯ ತಿರುಪನ್ನು ಕೊರೆಯುವುದಕ್ಕೆ ಒಳ್ಳೆಯ ತಿರುಪಿನ ದಂಡವು ಬೇಕು. ಹಾಗಾದರೆ ಆ ಮೊದಲನೆಯ ದಂಡವು ಎಲ್ಲಿಂದ ಬಂದಿತು? ಮಾಡ್‌ಸ್ಲೆಯ ಉಪಾಯವು ಬಹು ಸರಳ. ಮರ ಅಥವಾ ತವರದಂತಹ ಮೆದು ವಸ್ತುವಿನ ಗುಂಡನೆಯ ಕೋಲಿಗೆ ಅರ್ಧಚಂದ್ರಾಕಾರದ ಒಂದು ಅಲಗನ್ನು ಬೇಕಾದಷ್ಟು ಓರೆಯಾಗಿ ಒತ್ತಿ ಹಿಡಿಯುವುದು. ಕೋಲನ್ನು ತಿರುಗಿಸಿದಂತೆ ಅಲಗು ತಾನಾಗಿಯೇ ಸುರುಳಿಯಾದ ಗೀಟನ್ನು ಕೊರೆಯುತ್ತ ಹೋಗುತ್ತದೆ. ಓರೆ ಹೆಚ್ಚಿದರೆ ಸುರುಳಿ ಅಗಲ, ಕಡಮೆಯಾದರೆ ಒತ್ತು. ಹೀಗೆ ದೊರೆತ ಹತ್ತಾರು ಮಾದರಿಗಳಲ್ಲಿ ಉತ್ತಮವಾದುದನ್ನು ಆರಿಸಿ, ಅದರಿಂದ ಗಟ್ಟಿ ಲೋಹದಲ್ಲಿ ಇನ್ನೊಂದು, ಅದರ ದೋಷಗಳನ್ನು ತಿದ್ದಿ ಮತ್ತೊಂದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಕಡೆಗೆ ಆತನು ಐದು ಅಡಿ ಉದ್ದದ, ಎರಡು ಅಂಗುಲ ದಪ್ಪದ, ಅಂಗುಲಕ್ಕೆ 50 ಸುತ್ತುಗಳುಳ್ಳ ಒಂದು ತಿರುಪನ್ನು ಮಾಡಿದನು. ಅದರ ನಟ್ಟು 12 ಅಂಗುಲ ಉದ್ದ, ಅಂದರೆ ಒಮ್ಮೆಗೆ 600 ಸುತ್ತುಗಳು ಒಂದರೊಳಗೊಂದು ಕೂರಬೇಕು. ಎಲ್ಲಿಯಾದರೂ ಒಂದು ಸುತ್ತು ತಪ್ಪು ನಡೆದಿದ್ದರೂ ಆ ನಟ್ಟು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು.

ಹಡಗಿನ ರಾಟೆಗಳು

ಮಾಡ್‌ಸ್ಲೆಯ ಭಾಗ್ಯವನ್ನು ತೆರೆದದ್ದು ಹಡಗುಗಳ ರಾಟೆಗಳು. ನೆಪೋಲಿಯನ್ನನ ಯುದ್ಧಗಳ ಕಾಲ. ಹಾಯಿಗಳನ್ನು ಏರಿಸಿ ಇಳಿಸುವುದಕ್ಕೆ ಒಂದು ದೊಡ್ಡ ಯುದ್ಧನೌಕೆಗೆ ಸುಮಾರು ಸಾವಿರ ಮರದ ರಾಟೆಗಳು ಬೇಕು. ನೌಕಾಪಡೆಗೆ ವರ್ಷಕ್ಕೆ ಲಕ್ಷದಷ್ಟು. ಎಲ್ಲವೂ ಕೈಕೆಲಸ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ತಾಯ್ನಾಡನ್ನು ಬಿಟ್ಟಿದ್ದ ಮಾರ್ಕ್ ಬ್ರುನೆಲ್ ಎಂಬ ಎಂಜಿನಿಯರನು ಈ ರಾಟೆಗಳನ್ನು ಯಂತ್ರಗಳಿಂದ ತಯಾರಿಸುವ ಯೋಜನೆಯನ್ನು ಹೂಡಿದನು. ಆದರೆ ಬ್ರಾಮಾನಂತೆ ಅವನಿಗೂ ಕಲ್ಪನೆಯನ್ನು ಕಬ್ಬಿಣಕ್ಕೆ ಇಳಿಸುವ ಕೈಗಳು ಬೇಕಾಗಿದ್ದುವು. ಮಾಡ್‌ಸ್ಲೆಯು ಮೊದಲು ಮಾದರಿಗಳನ್ನೂ ಅನಂತರ ಯಂತ್ರಗಳನ್ನೂ ಮಾಡಿಕೊಟ್ಟನು. 1802ರಿಂದ ಆರಂಭಿಸಿ ಐದಾರು ವರುಷಗಳಲ್ಲಿ ಪೋರ್ಟ್ಸ್‌ಮತ್ ಬಂದರಿನಲ್ಲಿ ನಲವತ್ತಕ್ಕೂ ಮಿಕ್ಕ ಯಂತ್ರಗಳು ಸಾಲಾಗಿ ನಿಂತವು. ಒಂದು ಕೊರೆದರೆ ಇನ್ನೊಂದು ಕೆತ್ತುವುದು, ಮತ್ತೊಂದು ನುಣುಪು ಮಾಡುವುದು. 1808ರಲ್ಲಿ ಅಲ್ಲಿ ವರುಷಕ್ಕೆ 1,30,000 ರಾಟೆಗಳು ಸಿದ್ಧವಾಗುತ್ತಿದ್ದುವು. ಅವುಗಳಲ್ಲಿ ಕೆಲವು ಯಂತ್ರಗಳು ನೂರು ವರುಷಗಳಿಗೂ ಮೀರಿ ದುಡಿದುವೆಂದರೆ ಅವುಗಳ ಗಟ್ಟಿತನವು ಎಂತಹುದೆಂದು ಊಹಿಸಬಹುದು.

ಈ ಮಹಾಕಾರ್ಯಕ್ಕೆ ಇನ್ನೊಂದು ಮುಖವೂ ಉಂಟು. ಹಿಂದೆ 110 ಮಂದಿ ನುರಿತ ಕೆಲಸಗಾರರು ಮಾಡುತ್ತಿದ್ದುದನ್ನು ಈಗ 10 ಮಂದಿ ಸಾಮಾನ್ಯ ಕೂಲಿಗಳು ಮಾಡಬಹುದಾಯಿತು. ಉಳಿದ ನೂರು ಮಂದಿಯ ಒಲೆ ಹೇಗೆ ಉರಿಯಿತು? ಚರಿತ್ರೆಯ ಪುಸ್ತಕಗಳು ಈ ಪ್ರಶ್ನೆಯನ್ನು ಬೇಗನೆ ದಾಟಿ ಹೋಗುತ್ತವೆ. 1982ರ ಮುಷ್ಕರದ ಬಳಿಕ ಗಿರಣಗಾಂವಿನ ಚಿಮಣಿಗಳು ಒಂದೊಂದಾಗಿ ತಣ್ಣಗಾದುದನ್ನು ಕಣ್ಣಾರೆ ಕಂಡವರು ನಾವು, ಅಷ್ಟು ಬೇಗನೆ ದಾಟಲಾರೆವು. ಯಂತ್ರವು ಮನುಷ್ಯನ ಕೈಯನ್ನು ಬಲಪಡಿಸುವುದೂ ನಿಜ, ಕೆಲವರ ಕೈಯಿಂದ ಅನ್ನವನ್ನು ಕಸಿಯುವುದೂ ನಿಜ. ಮಾಡ್‌ಸ್ಲೆಯ ಹಿರಿಮೆಯನ್ನು ಹಾಡುವಾಗ ಇದನ್ನು ಮರೆಯುವುದು ನ್ಯಾಯವಲ್ಲ.

ಎರಡನೆಯ ನ್ಯಾಯಾಲಯವಿಲ್ಲದ ಅಳತೆ

1810ರಲ್ಲಿ ಆತನು ಥೇಮ್ಸ್ ನದಿಯ ದಕ್ಷಿಣಕ್ಕೆ ಲ್ಯಾಂಬೆತ್ ಎಂಬಲ್ಲಿ ದೊಡ್ಡ ಕಾರ್ಖಾನೆಯನ್ನು ಕಟ್ಟಿದನು. ಜೋಷುವಾ ಫೀಲ್ಡ್ ಎಂಬವನು ಪಾಲುಗಾರನಾದನು, ಮುಂದೆ ಮಕ್ಕಳೂ ಕೂಡಿಕೊಂಡರು. ಆವಿಯಂತ್ರಗಳು, ಹಡಗಿನ ಎಂಜಿನ್ನುಗಳು ಅಲ್ಲಿಂದ ಹೊರಟುವು. 1825ರಲ್ಲಿ ಇಂಗ್ಲೆಂಡಿನಿಂದ ಹೊರಟು ನಾಲ್ಕು ತಿಂಗಳಿನಷ್ಟು ಕಾಲ ಕಡಲಲ್ಲಿ ಕಳೆದು ಕಲಕತ್ತೆಯನ್ನು ಮುಟ್ಟಿದ ಎಂಟರ್‌ಪ್ರೈಸ್ ಎಂಬ ಹಡಗು ಇಂಗ್ಲೆಂಡಿನಿಂದ ಭಾರತಕ್ಕೆ ಬಂದ ಮೊತ್ತಮೊದಲನೆಯ ಆವಿಹಡಗು. ಅದರ ಎಂಜಿನ್ನು ಮಾಡ್‌ಸ್ಲೆಯ ಕಾರ್ಖಾನೆಯದು. ಅದೇ ವರುಷ ಥೇಮ್ಸ್ ನದಿಯ ಅಡಿಯಲ್ಲಿ ಬ್ರುನೆಲ್ಲನು ಸುರಂಗವನ್ನು ತೋಡಲಾರಂಭಿಸಿದಾಗ, ಮಣ್ಣು ಕುಸಿಯದಂತೆ ಕೆಲಸಗಾರರನ್ನು ಕಾಪಾಡುವ ಕಬ್ಬಿಣದ ಕವಚವನ್ನು ಮಾಡಿಕೊಟ್ಟದ್ದೂ ಇದೇ ಕಾರ್ಖಾನೆ.

ಆದರೆ ಈ ದೊಡ್ಡ ಯಂತ್ರಗಳಿಗಿಂತ ಆತನ ಎರಡು ಚಿಕ್ಕ ವಸ್ತುಗಳು ನಮಗೆ ಹೆಚ್ಚು ಪ್ರಿಯ. ಒಂದು, ಕೆಲಸಗಾರರ ಮೇಜುಗಳ ಮೇಲೆ ಆತನು ಇರಿಸುತ್ತಿದ್ದ ಮಟ್ಟಫಲಕಗಳು. ಕನ್ನಡಿಯಂತೆ ಸಮತಲವಾದ ಲೋಹದ ಹಲಗೆಗಳವು. ತಾನು ಉಜ್ಜಿದ ತುಂಡು ಮಟ್ಟವಾಯಿತೇ ಇಲ್ಲವೇ ಎಂದು ತಿಳಿಯಲು ಕೆಲಸಗಾರನು ಫಲಕಕ್ಕೆ ಬಣ್ಣವನ್ನು ಸವರಿ ತುಂಡನ್ನು ಅದರ ಮೇಲೆ ಆಡಿಸಬೇಕು. ಉಬ್ಬಿದಲ್ಲಿ ಬಣ್ಣ ಹತ್ತುತ್ತದೆ, ತಗ್ಗಿನಲ್ಲಿ ಹತ್ತುವುದಿಲ್ಲ. ಮೇಸ್ತ್ರಿಯ ಬೈಗಳು ಬೇಕಿಲ್ಲ, ಫಲಕವೇ ತಪ್ಪನ್ನು ತೋರಿಸುತ್ತದೆ. ಇಂತಹ ಫಲಕವನ್ನು ಮಾಡುವುದಕ್ಕೆ ಎರಡು ಹಲಗೆಗಳನ್ನು ಒಂದಕ್ಕೊಂದು ಉಜ್ಜಿದರೆ ಸಾಲದು. ಒಂದು ಉಬ್ಬಾಗಿ ಇನ್ನೊಂದು ಅದಕ್ಕೆ ಸರಿಯಾದ ತಗ್ಗಾಗಿ, ಎರಡೂ ಹೊಂದಿಕೊಂಡುಬಿಡಬಹುದು. ಮೂರು ಹಲಗೆಗಳನ್ನು ಸರದಿಯ ಮೇಲೆ ಒಂದರೊಡನೊಂದು ಹೋಲಿಸಿ ತಿದ್ದಿದರೆ ಮಾತ್ರ ಮೂರೂ ನಿಜವಾಗಿ ಮಟ್ಟವಾಗುತ್ತವೆ. ಇಬ್ಬರು ಸೇರಿ ಸುಳ್ಳನ್ನು ಮುಚ್ಚಬಹುದು, ಮೂರನೆಯವನು ಬಂದರೆ ಅದು ಬಯಲಿಗೆ ಬೀಳುತ್ತದೆ. ಈ ವಿಧಾನವನ್ನು ಮುಂದೆ 1840ರಲ್ಲಿ ಲೋಕಕ್ಕೆ ಸಾರಿದವನು ಆತನ ಕೈಕೆಳಗೆ ದುಡಿದ ಜೋಸೆಫ್ ವಿಟ್‌ವರ್ತ್.

ಎರಡನೆಯದು, ಆತನ ಮೈಕ್ರೋಮೀಟರ್. ಅಂಗುಲವನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲನ್ನು ಅದು ಗುರುತಿಸುತ್ತಿತ್ತು. ಕಾರ್ಖಾನೆಯಲ್ಲಿ ಅಳತೆಯ ವಿಷಯದಲ್ಲಿ ಯಾವ ಜಗಳ ಬಂದರೂ ಕೊನೆಯ ತೀರ್ಪು ಅದರದೇ. ಆದುದರಿಂದಲೇ ಅದಕ್ಕೆ ಅಂದು ಇಂಗ್ಲೆಂಡಿನ ಅತ್ಯುನ್ನತ ನ್ಯಾಯಾಧಿಕಾರಿಯಾಗಿದ್ದ ಲಾರ್ಡ್ ಚಾನ್ಸಲರನ ಹೆಸರಾಯಿತು. ಅದರ ಮೇಲೆ ಅಪೀಲು ಇರಲಿಲ್ಲ. ಒಡೆಯನೂ ಕೂಲಿಯೂ ಅದರ ಮುಂದೆ ಒಂದೇ.

ಖಾಸಗಿ ಕೊಠಡಿ

ಕೈಕೆಳಗೆ ನೂರಾರು ಮಂದಿ ದುಡಿಯುತ್ತಿದ್ದರೂ ಮಾಡ್‌ಸ್ಲೆಯು ತನಗೆಂದೇ ಒಂದು ಖಾಸಗಿ ಕೆಲಸದ ಕೊಠಡಿಯನ್ನು ಇಟ್ಟುಕೊಂಡಿದ್ದನು. ಆರಡಿಗೂ ಮೀರಿದ ಎತ್ತರದ ಆಳು, ದೊಡ್ಡ ಮುಖ, ನಗುವ ಕಣ್ಣು. ವ್ಯವಹಾರದ ಗಲಾಟೆ ಸಾಕೆನಿಸಿದಾಗ ಅಲ್ಲಿಗೆ ಹೋಗಿ ತನ್ನ ಕೈಯಿಂದಲೇ ಏನನ್ನಾದರೂ ಮಾಡುತ್ತ ಕೂರುತ್ತಿದ್ದನು. 1829ರಲ್ಲಿ ಜೇಮ್ಸ್ ನಾಸ್ಮಿತ್ ಎಂಬ ಸ್ಕಾಟ್ಲೆಂಡಿನ ತರುಣನು ತಾನು ಮಾಡಿದ ಆವಿಯಂತ್ರದ ಮಾದರಿಯನ್ನೂ ಬರೆದ ನಕ್ಷೆಗಳನ್ನೂ ಹಿಡಿದುಕೊಂಡು ಅಲ್ಲಿಗೆ ಬಂದನು. ಹಣ ಪಡೆದು ಶಿಷ್ಯರನ್ನು ಸೇರಿಸಿಕೊಳ್ಳುವ ಪದ್ಧತಿಯನ್ನು ಮಾಡ್‌ಸ್ಲೆಯು ಆಗಲೇ ನಿಲ್ಲಿಸಿದ್ದನು, ಅಂತಹವರು ಕಲಿಯುವುದಕ್ಕಿಂತ ಕೆಡಿಸುವುದೇ ಹೆಚ್ಚೆಂಬ ಅನುಭವದಿಂದ. ಆದರೆ ಆ ಮಾದರಿಯನ್ನು ಕಂಡ ಮೇಲೆ ಮರುಮಾತಿಲ್ಲದೆ ನಾಸ್ಮಿತನನ್ನು ತನ್ನ ಖಾಸಗಿ ಕೊಠಡಿಗೇ ಸಹಾಯಕನನ್ನಾಗಿ ತೆಗೆದುಕೊಂಡನು. ವಾರಕ್ಕೆ ಹತ್ತು ಷಿಲಿಂಗು ಸಂಬಳ. ಮುಂದೆ ಆವಿಯ ಸುತ್ತಿಗೆಯಿಂದ ಜಗದ್ವಿಖ್ಯಾತನಾದವನು ಇದೇ ನಾಸ್ಮಿತ್. ಮಾಡ್‌ಸ್ಲೆಯ ಗುಣಗಳಲ್ಲಿ ಬಹುಭಾಗವನ್ನು ನಾವು ತಿಳಿದಿರುವುದು ಈ ಶಿಷ್ಯನು ಬರೆದಿಟ್ಟ ಆತ್ಮಕಥೆಯಿಂದ. ಮಾಡಬೇಕಾದುದೇನೆಂಬುದು ಮೊದಲು ಮನಸ್ಸಿಗೆ ನಿಚ್ಚಳವಾಗಬೇಕು, ಬೇಡದ ಒಂದು ತೊಲ ಲೋಹವೂ ಯಂತ್ರದಲ್ಲಿರಬಾರದು, ಸರಳವಾಗಿ ಆಗುವುದನ್ನು ಜಟಿಲ ಮಾಡಬಾರದು ಎಂಬುದು ಗುರುವಿನ ಬೋಧನೆಯ ಸಾರ.

ನಾಸ್ಮಿತ್, ವಿಟ್‌ವರ್ತ್ ಅಲ್ಲದೆ ರಿಚರ್ಡ್ ರಾಬರ್ಟ್ಸ್, ಜೋಸೆಫ್ ಕ್ಲೆಮೆಂಟ್ ಮೊದಲಾದ ಯಂತ್ರಶಿಲ್ಪಿಗಳೂ ಆ ಕಾರ್ಖಾನೆಯ ಹೊಗೆಯನ್ನು ಕುಡಿದೇ ಬೆಳೆದವರು. 1841ರಲ್ಲಿ ವಿಟ್‌ವರ್ತನು ತಿರುಪುಗಳಿಗೆಲ್ಲ ಏಕರೂಪದ ಅಳತೆಯನ್ನು ಸೂಚಿಸಿದಾಗ, ಗುರುವು ತನ್ನ ಸಾಲೆಯ ನಾಲ್ಕು ಗೋಡೆಗಳ ನಡುವೆ ನಡೆಸಿದ ಕ್ರಮವು ದೇಶದ ಕ್ರಮವಾಯಿತು.

1831ರ ಜನವರಿಯಲ್ಲಿ ಕಾಯಿಲೆಯಲ್ಲಿದ್ದ ಗೆಳೆಯನೊಬ್ಬನನ್ನು ನೋಡುವುದಕ್ಕೆ ಮಾಡ್‌ಸ್ಲೆಯು ಫ್ರಾನ್ಸಿಗೆ ಹೋದನು. ಹಿಂದಿರುಗುವಾಗ ಕಡಲಿನ ಮೇಲೆ ಶೀತ ಹತ್ತಿತು. ಅದೇ ವರುಷದ ಫೆಬ್ರವರಿ 14ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಆತನು ಕಣ್ಣು ಮುಚ್ಚಿದನು. ಹುಟ್ಟಿದ ವುಲಿಚ್ಚಿನಲ್ಲಿಯೇ ಸಮಾಧಿ. ಅದರ ಮೇಲಿನ ಎರಕದ ಕಬ್ಬಿಣದ ಸ್ಮಾರಕವನ್ನು ರೂಪಿಸಿದವನೂ ತಾನೇ. ಲ್ಯಾಂಬೆತ್ತಿನ ಕಾರ್ಖಾನೆಯು ಮಕ್ಕಳು ಮೊಮ್ಮಕ್ಕಳ ಕಾಲದವರೆಗೆ ಬೆಳಗಿ, ಹತ್ತೊಂಬತ್ತನೆಯ ಶತಮಾನದೊಂದಿಗೆ ತಾನೂ ಮುಗಿಯಿತು.

ಮಿತ್ರರ ಪ್ರಶ್ನೆಗೆ

ಈ ಕಥೆಯನ್ನು ಕೇಳಿದ ನಮ್ಮ ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ತಮ್ಮ ಪ್ರಶ್ನೆಗೆ ತಾವೇ ಉತ್ತರವನ್ನು ಹುಡುಕತೊಡಗಿದರು. ಲೇತಿನ ಯೋಗ್ಯತೆಯು ಬಣ್ಣದಲ್ಲಿಲ್ಲ, ಮಾಡ್‌ಸ್ಲೆಯು ಒಂದುಗೂಡಿಸಿದ ಆ ಮೂರರಲ್ಲಿದೆ. ಹಾಸು ನೇರವಾಗಿದೆಯೇ? ಗಾಡಿಯು ಅಲುಗದೆ ಜಾರುತ್ತದೆಯೇ? ತಿರುಪಿನ ದಂಡವು ಸವೆಯದೆ ಇದೆಯೇ? ಹಗುರವಾದ ಲೇತು ಉಳಿ ತಗುಲಿದೊಡನೆ ನಡುಗುತ್ತದೆ, ಭಾರವಾದುದು ನಡುಕವನ್ನು ನುಂಗಿಕೊಳ್ಳುತ್ತದೆ. ಇದು ಹಳೆಯದರ ಪರವಾದ ಮಾತು. ಆದರೆ ಹಳೆಯ ಲೇತಿನ ಹಾಸು ಚಕ್ಕಿನ ಸಮೀಪದಲ್ಲಿಯೇ ಹೆಚ್ಚು ಸವೆಯುತ್ತದೆ, ಏಕೆಂದರೆ ಕೆಲಸವೆಲ್ಲ ನಡೆಯುವುದು ಅಲ್ಲಿ. ಅದನ್ನು ಪರೀಕ್ಷಿಸುವುದಕ್ಕೆ ಚಕ್ಕಿನ ಬಳಿ ಗಾಡಿಯನ್ನು ಸಡಿಲವಿಲ್ಲದಂತೆ ಬಿಗಿಮಾಡಿ ಇನ್ನೊಂದು ತುದಿಗೆ ನೂಕಬೇಕು. ಅಲ್ಲಿ ಅದು ಬಿಗಿದು ನಿಂತರೆ ಸವೆತವು ಮಿತಿಮೀರಿದೆಯೆಂದರ್ಥ. ಚಕ್ಕಿನಲ್ಲಿ ಗಟ್ಟಿಯಾದ ಸರಳೊಂದನ್ನು ಹಿಡಿದು, ಉಳಿಯನ್ನು ಕದಲಿಸದೆ ಒಂದೇ ಹದದಲ್ಲಿ ಕಡೆದು, ಎರಡು ಕಡೆಗಳಲ್ಲಿ ಮೈಕ್ರೋಮೀಟರಿನಿಂದ ಅಳೆದರೆ ಉಳಿದ ಸತ್ಯವೂ ಹೊರಬೀಳುತ್ತದೆ. ಕಾರ್ಖಾನೆಯ ಮೋಟಾರು ಮೂರು ಫೇಸಿನದಾಗಿದ್ದರೆ ಮನೆಯ ವಿದ್ಯುತ್ತಿಗೆ ಅದು ಒಗ್ಗುವುದಿಲ್ಲ, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೆಲವು ಆ ಭಾರವನ್ನು ತಾಳೀತೇ ಎಂಬುದನ್ನೂ ನೋಡಬೇಕು.

ಮರುವಾರ ಮಿತ್ರರು ಸರಳನ್ನೂ ಮೈಕ್ರೋಮೀಟರನ್ನೂ ಚೀಲದಲ್ಲಿ ಹಾಕಿಕೊಂಡು, ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಎರಡು ಕಡೆಗೂ ಹೋಗಿಬಂದರು. ಅಂಗಡಿಯ ಹೊಸ ಲೇತಿನಲ್ಲಿ ಸರಳನ್ನು ಕಡೆದು ನೋಡಲು ಅಂಗಡಿಯವರು ಒಪ್ಪಲಿಲ್ಲ. ವರ್ಕ್‌ಶಾಪಿನವರು ಸಂತೋಷದಿಂದ ಬಿಟ್ಟುಕೊಟ್ಟರು. ಹಳೆಯ ಲೇತಿನ ಹಾಸಿನಲ್ಲಿ ಸವೆತವಿತ್ತು, ಆದರೆ ತಿದ್ದಲಾರದಷ್ಟಿರಲಿಲ್ಲ. ಅದು ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾದುದು. ಆ ಕಾರ್ಖಾನೆಯು ಇಂದಿಲ್ಲ. ತುಂಗಭದ್ರೆಯ ದಂಡೆಯಲ್ಲಿ ಎರಕಗೊಂಡ ಕಬ್ಬಿಣವು ಮಾತ್ರ ಇಲ್ಲಿ ಇನ್ನೂ ದುಡಿಯಲು ಸಿದ್ಧವಾಗಿ ನಿಂತಿತ್ತು. ಅಳತೆಯನ್ನು ಓದಿದವನು ಮೊಮ್ಮಗ, ಬರೆದುಕೊಂಡವರು ತಾತ. ಬೆಲೆಯ ಮಾತು ಆಮೇಲೆ ಬಂದಿತು.

ಮೂವತ್ತು ಷಿಲಿಂಗಿನ ಮೇಲೆ ಒಂದು ಕಾಸನ್ನೂ ಪಡೆಯಲಾರದೆ ಬೀದಿಗೆ ಬಂದ ಕಮ್ಮಾರನೊಬ್ಬನು ಜಗತ್ತಿಗೆ ಬಿಟ್ಟುಹೋದ ಆಸ್ತಿಯು ಇದೇ. ಯಾರ ಮಾತನ್ನೂ ನಂಬದೆ ಅಳೆದು ನೋಡುವುದು, ಅಳತೆಯು ಹೇಳಿದುದನ್ನು ಒಪ್ಪಿಕೊಳ್ಳುವುದು. ನಮ್ಮ ಮಿತ್ರರ ಹಿಂಬದಿಯ ಕೊಠಡಿಯಲ್ಲಿ ಈಗ ಸಂಜೆಯ ಹೊತ್ತು ಲೇತಿನ ಸದ್ದು ಕೇಳಿಸುತ್ತದೆ. ಹುಡುಗನು ಮಾಡಿದ ಮೊದಲನೆಯ ಬೋಲ್ಟಿಗೆ ಅಂಗಡಿಯಿಂದ ತಂದ ನಟ್ಟು ಸರಿಯಾಗಿ ಕೂತಿತೆಂದು ಅವರು ಹೇಳಿ ಕಳುಹಿಸಿದ್ದಾರೆ.